ಕೌದಿಯ ಹೊಲಿಗೆ: ಸುಂಕ ಬೀಳದ ಬಟ್ಟೆಯ ಚರಿತ್ರೆ

ಬಟ್ಟೆಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ನೇಯ್ದವನ ಮತ್ತು ಮಾರಿದವನ ಚರಿತ್ರೆಯನ್ನೇ ಬರೆದಿದ್ದಾರೆ. ಅದಕ್ಕೆ ಕಾರಣವೂ ಇದೆ. ಮಗ್ಗಕ್ಕೆ ತೆರಿಗೆಯಿತ್ತು, ಆದ್ದರಿಂದ ವಿಜಯನಗರ ಕಾಲದ ಶಾಸನಗಳಲ್ಲಿ ಮಗ್ಗದೆರೆಯ ಮಾತು ಬರುತ್ತದೆ. ಬಂದರಿಗೆ ಬಂದ ಮೂಟೆಗೆ ಸುಂಕವಿತ್ತು. ಆದ್ದರಿಂದ ಪೋರ್ಚುಗೀಸ, ಡಚ್ಚ, ಇಂಗ್ಲಿಷರ ಲೆಕ್ಕದ ಪುಸ್ತಕಗಳಲ್ಲಿ ಅದು ಉಳಿಯಿತು. ಹರಿದ ಸೀರೆಗೆ ಮಾತ್ರ ಯಾವ ಅರಸನೂ ಸುಂಕ ಹಾಕಲಿಲ್ಲ. ಹರಿದದ್ದನ್ನು ತುಂಡುಮಾಡಿ, ತುಂಡನ್ನು ತುಂಡಿಗೆ ಕೂಡಿಸಿ, ಮನೆಮಂದಿಗೆಲ್ಲ ಹೊದೆಯಲು ಕೊಟ್ಟ ಹೆಂಗಸರ ಕೆಲಸ ಹೀಗೆ ದಾಖಲೆಯ ಹೊರಗೇ ಉಳಿಯಿತು. ಆ ಬಟ್ಟೆಯೂ ಬಳಸಿ ಬಳಸಿ ಸವೆದು ಹೋಗುವಂಥದ್ದು. ಹಾಗಾಗಿ ಈ ಚರಿತ್ರೆಯನ್ನು ಓದಬೇಕಾದರೆ ಉಳಿದಿರುವ ಒಂದೇ ಲಿಪಿ ಹೊಲಿಗೆ. ಯಾವ ಕೈ ಯಾವ ಹೊಲಿಗೆಯನ್ನು ಆರಿಸಿತು, ಯಾಕೆ ಆರಿಸಿತು ಎಂದು ಕೇಳಿದರೆ ಅದು ಸ್ವಲ್ಪ ಮಾತಾಡುತ್ತದೆ.

ನಮ್ಮ ಕರಾವಳಿಯಲ್ಲಿ ಕೌದಿಯ ಬಳಕೆ ಒಳನಾಡಿನಷ್ಟಿಲ್ಲ. ಆರು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ನಾಲ್ಕೈದು ಪದರದ ಹತ್ತಿ ಬಟ್ಟೆಯನ್ನು ಒಗೆದು ಒಣಗಿಸುವುದು ಎಲ್ಲಿ? ಆದರೆ ಧಾರವಾಡ, ವಿಜಯಪುರ, ಬಾಗಲಕೋಟೆಯ ಕಡೆಗೆ ಹೋದರೆ ಕೌದಿ ಇಲ್ಲದ ಹಳೆಯ ಮನೆಯಿರಲಿಲ್ಲ. ಕರ್ನಾಟಕದ ಗಡಿ ದಾಟಿದರೂ ವಸ್ತು ಅದೇ, ಹೆಸರು ಮಾತ್ರ ಬೇರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡದ ಮನೆಯಲ್ಲಿ ಕೌದಿ ಎಂದದ್ದು ಪಕ್ಕದ ಮರಾಠಿ ಮನೆಯಲ್ಲಿ ಗೋಧಡಿ ಅಥವಾ ವಾಕಳ. ತೆಲುಗಿನವರ ಬಾಯಲ್ಲಿ ಬೊಂತ. ಈ ಬೊಂತ ನಮಗೂ ಹೊಸತಲ್ಲ. ಹಳಗಾಲದ ಕನ್ನಡದಲ್ಲಿ ಬೊಂತೆ ಎಂಬ ಮಾತಿತ್ತು. ಶರಣೆ ಬೊಂತಾದೇವಿಗೆ ಆ ಹೆಸರು ಬಂದದ್ದು ಅವಳು ಹೊದ್ದ ಬೊಂತೆಯಿಂದ ಎಂದು ಐತಿಹ್ಯ ಹೇಳುತ್ತದೆ. ಸಂಸ್ಕೃತದ ಕಂಥೆಯೂ ಇದೇ ವಸ್ತು, ಬಂಗಾಳದಲ್ಲಿ ಅದು ಕಾಂಥಾ ಆಗಿ ಇಂದಿಗೂ ಜೀವಂತವಾಗಿದೆ. ಗಡಿನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆಯೊಳಗೆ ಒಂದು ಮಾತು, ಪೇಟೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬುದು ನಮಗೆ 1956ಕ್ಕೆ ಮೊದಲೂ ಇತ್ತು, ಆಮೇಲೆ ಇನ್ನಷ್ಟು ಹೆಚ್ಚಿತು.

ತುಂಡು ಬಟ್ಟೆಯನ್ನು ಕೂಡಿಸುವ ವಿಚಾರ ಭಾರತದ ಬರಹದಲ್ಲಿ ಬಹಳ ಹಿಂದೆಯೇ ಕಾಣಿಸಿಕೊಳ್ಳುವುದು ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ. ಬುದ್ಧನು ಮಗಧದ ಗದ್ದೆಗಳನ್ನು ತೋರಿಸಿ, ಭಿಕ್ಷುಗಳ ಚೀವರವನ್ನು ಹೀಗೆ ಮಾಡಲಾದೀತೇ ಎಂದು ಆನಂದನನ್ನು ಕೇಳಿದನಂತೆ. ಆನಂದನು ಬಟ್ಟೆಯನ್ನು ತುಂಡುಮಾಡಿ, ಉದ್ದದ ಹುಣಿ, ಅಡ್ಡ ಹುಣಿ, ಹುಣಿಯ ನಡುವಣ ಗದ್ದೆ ಎಂಬಂತೆ ಜೋಡಿಸಿ ಹೊಲಿದು ತಂದನು. ಪ್ರತಿಯೊಂದು ಭಾಗಕ್ಕೂ ಪಾಲಿಯಲ್ಲಿ ಹೆಸರಿದೆ. ಇಡೀ ಬಟ್ಟೆಯನ್ನು ಕತ್ತರಿಸಿ ಹೊಲಿದರೆ ಅದಕ್ಕೆ ಪೇಟೆಯ ಬೆಲೆ ಉಳಿಯದು, ಕಳ್ಳನಿಗೂ ಬೇಡ, ಭಿಕ್ಷುವಿಗೂ ಮೋಹ ಹುಟ್ಟದು. ಈ ಚೀವರ ಜಪಾನಿಗೆ ಹೋಗಿ ಕೇಸಾ ಆಯಿತು. ಅಲ್ಲಿಯ ಝೆನ್ ಪರಂಪರೆಯಲ್ಲಿ ಅದನ್ನು ಇಂದಿಗೂ ಕೈಯಿಂದಲೇ ಹೊಲಿಯುತ್ತಾರೆ, ಅದೂ ಹಿಂದಿರುಗುವ ಹೊಲಿಗೆಯಲ್ಲಿ: ಸೂಜಿ ಒಂದು ಹೆಜ್ಜೆ ಹಿಂದೆ ಬಂದು, ಮುಂದಕ್ಕೆ ಹೋಗಿ, ಮತ್ತೆ ಹಿಂದೆ ಬರುತ್ತದೆ. ನಮ್ಮ ದರ್ಜಿಗಳು ಇದಕ್ಕೆ ಬ್ಯಾಕ್ ಸ್ಟಿಚ್ ಎನ್ನುತ್ತಾರೆ. ಇದು ನಿಧಾನದ ಹೊಲಿಗೆ, ಗಟ್ಟಿಯ ಹೊಲಿಗೆ. ಒಂದೆಡೆ ದಾರ ತುಂಡಾದರೂ ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ.

ಇನ್ನು ನಮ್ಮ ಸಮುದ್ರದ ಕಡೆಗೆ ಬರೋಣ. ಯುರೋಪಿನವರು ಭಾರತದ ಹತ್ತಿ ಬಟ್ಟೆಗೆ ಕ್ಯಾಲಿಕೊ ಎಂದು ಹೆಸರಿಟ್ಟದ್ದು ಕೋಯಿಕ್ಕೋಡಿನಿಂದ, ಅಂದರೆ ಅವರ ಬಾಯಿಯ ಕ್ಯಾಲಿಕಟ್‌ನಿಂದ. ಬಟ್ಟೆ ಎಲ್ಲವೂ ಅಲ್ಲೇ ನೇಯ್ದದ್ದಲ್ಲ, ಹೆಸರು ಮಾತ್ರ ಬಂದರಿನದು. ಪೂರ್ವ ಕರಾವಳಿಯಲ್ಲಿ ಕೈಯಿಂದ ಚಿತ್ರ ಬರೆದು ಬಣ್ಣ ಹಾಕಿದ ಬಟ್ಟೆ, ನಾವು ಚೀಟಿ ಬಟ್ಟೆ ಎನ್ನುವುದರ ಹಿರಿಯಣ್ಣ, ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಹೆಂಗಸರ ಮನಸ್ಸನ್ನೇ ಗೆದ್ದುಬಿಟ್ಟಿತು. ಅಲ್ಲಿಯ ಉಣ್ಣೆ ಮತ್ತು ರೇಷ್ಮೆಯ ನೇಕಾರರ ಹೊಟ್ಟೆಗೆ ಹೊಡೆತ ಬಿತ್ತು. 1700ರಲ್ಲಿ ಭಾರತದ ಬಣ್ಣದ ಹತ್ತಿ ಬಟ್ಟೆಯ ಆಮದನ್ನು ತಡೆಯುವ ಕಾಯಿದೆ ಬಂತು. ಅದು ಸಾಲದೆ ಹೋಯಿತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲಿ ಕ್ಯಾಲಿಕೊ ಉಟ್ಟು ಹೋಗುತ್ತಿದ್ದ ಹೆಂಗಸರ ಮೇಲೆ ಶಾಯಿಯನ್ನೂ ಆಸಿಡ್ಡನ್ನೂ ಎರಚಿದರು. 1721ರಲ್ಲಿ ಅದನ್ನು ಉಡುವುದನ್ನೂ ಮನೆಯಲ್ಲಿ ಬಳಸುವುದನ್ನೂ ನಿಷೇಧಿಸಿದ ಕಾಯಿದೆಯಾಯಿತು. ಅದು ಹೋದದ್ದು 1774ರಲ್ಲಿ.

ಹೀಗೆ ಸಿಗದ ವಸ್ತುವಾದಾಗ ಚೂರಿಗೂ ಬೆಲೆ ಬಂತು. ಇಂಗ್ಲೆಂಡಿನ ಲೆವೆನ್ಸ್ ಹಾಲ್ ಎಂಬ ಹಳೆಯ ಮನೆಯಲ್ಲಿ ಭಾರತದ ಚೀಟಿ ಬಟ್ಟೆಯ ತುಂಡುಗಳಿಂದ ಮಾಡಿದ ಹಾಸಿಗೆಯ ಹೊದಿಕೆಯಿದೆ. ಅದನ್ನು 1708ರ ಸುಮಾರಿನದೆಂದು ಹೇಳುವ ರೂಢಿ. ಬ್ರಿಟಿಷ್ ದ್ವೀಪಗಳ ಕೌದಿಗಾರರ ಸಂಘದ ಬಳಿ ಇರುವ ಇನ್ನೊಂದು ರೇಷ್ಮೆಯ ಹೊದಿಕೆಯಲ್ಲಿ 1718 ಎಂದು ಇಸವಿಯನ್ನೇ ಹೊಲಿದಿಟ್ಟಿದ್ದಾರೆ. ನಮ್ಮ ಯಾವ ಅಜ್ಜಿಗೂ ತನ್ನ ಕೌದಿಯ ಮೇಲೆ ಇಸವಿ ಹಾಕಬೇಕೆಂದು ತೋಚಲಿಲ್ಲ, ಅದು ಬೇರೆ ಮಾತು.

ಅಲ್ಲಿಯ ಹೊಲಿಗೆ ನೋಡಿ. ಕಾಗದವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಬಟ್ಟೆಯ ಚೂರನ್ನು ಸುತ್ತಿ, ಕಚ್ಚಾ ಹೊಲಿಗೆಯಲ್ಲಿ ಹಿಡಿಸುತ್ತಾರೆ. ಇಂಥ ಎರಡು ತುಂಡುಗಳನ್ನು ಮುಖಕ್ಕೆ ಮುಖ ಹಿಡಿದು, ಮಡಚಿದ ಅಂಚುಗಳ ಮೇಲೆ ಸೂಜಿಯನ್ನು ಸುತ್ತಿ ಸುತ್ತಿ ತರುತ್ತಾರೆ. ಪ್ರತಿಸಲವೂ ಅಂಚಿನ ಒಂದೆರಡು ಎಳೆಯನ್ನಷ್ಟೇ ಸೂಜಿ ಹಿಡಿಯಬೇಕು. ಹೆಚ್ಚು ಹಿಡಿದರೆ ಮೇಲಿನಿಂದ ದಾರ ಕಾಣುತ್ತದೆ, ಕಡಿಮೆಯಾದರೆ ಬಾಯಿ ಬಿಡುತ್ತದೆ. ಜಾರುವ ರೇಷ್ಮೆಗೂ ಆರು ಮೂಲೆಯ ತುಂಡಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾಗದ ಆಕಾರವನ್ನು ಕಾಯುತ್ತದೆ. ಎಷ್ಟೋ ಹೊದಿಕೆಗಳಲ್ಲಿ ಆ ಕಾಗದ ಒಳಗೇ ಉಳಿದುಬಿಟ್ಟಿದೆ. ಹಳೆಯ ಪತ್ರ, ಅಂಗಡಿಯ ಲೆಕ್ಕ, ಪತ್ರಿಕೆಯ ಚೂರು, ಹೀಗೆ ಏನೇನೋ. ಅದನ್ನು ಓದಿ ಹೊದಿಕೆಯ ಕಾಲವನ್ನು ಅಳೆಯುತ್ತಾರೆ. ಅಮೆರಿಕದಲ್ಲಿ ಈ ಕಾಗದದ ಸಹವಾಸವನ್ನು ಬಿಟ್ಟವರೇ ಹೆಚ್ಚು. ಎರಡು ತುಂಡುಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಿಂದ ಕಾಲು ಇಂಚು ಒಳಗೆ, ಮೇಲೆ ಕೆಳಗೆ ಮುಳುಗೇಳುವ ಓಡುಹೊಲಿಗೆ ಹಾಕಿ, ನಡುನಡುವೆ ಒಂದು ಹಿಂದಿರುಗುವ ಹೊಲಿಗೆಯನ್ನು ಬೀಗದಂತೆ ಕೊಡುವುದು ಅವರ ಕ್ರಮ.

ಈ ಎರಡರಲ್ಲೂ ಕೆಲಸ ಎರಡು ಸಲ. ಮೊದಲು ತುಂಡುಗಳನ್ನು ಕೂಡಿಸಿ ಮೇಲುಬಟ್ಟೆ ಮಾಡಬೇಕು. ಆಮೇಲೆ ಅದನ್ನು ಒಳಪದರದ ಮೇಲೆ ಹಾಸಿ, ಚೌಕಟ್ಟಿಗೆ ಬಿಗಿದು, ಮತ್ತೊಮ್ಮೆ ಹೊಲಿಯಬೇಕು. ಕೂಡಿಸುವ ಹೊಲಿಗೆ ಕಾಣಬಾರದು, ಮೇಲಿನ ಹೊಲಿಗೆ ಕಾಣಬೇಕು.

ಕೌದಿಯಲ್ಲಿ ಈ ಭೇದವೇ ಇಲ್ಲ. ನನ್ನ ಮಟ್ಟಿಗೆ ಇದು ಇಡೀ ವಿಷಯದ ಮುಖ್ಯ ಗಂಟು. ಒಂದು ಹಳೆಯ ಸೀರೆಯನ್ನು ನೆಲದ ಮೇಲೆ ಹಾಸುತ್ತಾರೆ, ಅದರ ಮೇಲೆ ಹಳೆಯ ಪಂಚೆ, ಸೀರೆಯ ಪದರಗಳು, ಮೇಲೆ ತುಂಡುಗಳು: ಇಳಕಲ್ಲಿನ ಸೆರಗಿನ ಚೂರು, ಗುಳೇದಗುಡ್ಡದ ಖಣ, ಗಂಡಸರ ಅಂಗಿಯ ಬೆನ್ನು. ತುಂಡನ್ನು ತುಂಡಿಗೆ ಕೂಡಿಸುವುದೂ ಪದರವನ್ನು ಪದರಕ್ಕೆ ಹಿಡಿಸುವುದೂ ಒಂದೇ ಓಡುಹೊಲಿಗೆಯಲ್ಲಿ ಆಗಿಹೋಗುತ್ತದೆ. ತುಂಡಿನ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿ, ಅದರ ಮೇಲೆಯೇ ಸೂಜಿ ಎಲ್ಲ ಪದರಗಳನ್ನೂ ದಾಟಿ ಹೋಗಿ ಬರುತ್ತದೆ.

ಓಡುಹೊಲಿಗೆಯನ್ನು ಕಲಿಯದವರ ಹೊಲಿಗೆ ಎಂದು ತಾತ್ಸಾರ ಮಾಡಿದ ಕಾಲವೊಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನ್ ಶಾಲೆಗಳ ಮೂಲಕ ಹೆಣ್ಣುಮಕ್ಕಳಿಗೆ ಹೊಲಿಗೆಯ ಪಾಠ ಬಂತು. 1834ರಲ್ಲಿ ಕೋಯಿಕ್ಕೋಡಿನಲ್ಲಿ ಇಳಿದು ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರನ್ನು ನಮ್ಮ ಎರಡು ಭಾಷೆಗಳೂ ಮರೆಯುವಂತಿಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಆ ಕಾಲದ ಯುರೋಪಿನ ಹೊಲಿಗೆಪಾಠದಲ್ಲಿ ಸಣ್ಣದು, ಸಮವಾದದ್ದು, ಕಣ್ಣಿಗೆ ಕಾಣದ್ದು ಒಳ್ಳೆಯ ಹೊಲಿಗೆ. ಹೊಸ ಬಟ್ಟೆಗೆ ಅದು ಸರಿಯೇ. ಇಪ್ಪತ್ತು ವರ್ಷ ಉಟ್ಟ ಸೀರೆಗೆ ಅದೇ ಅಳತೆಗೋಲು ಹಿಡಿದರೆ ತಪ್ಪುತ್ತದೆ.

ಯಾಕೆ ತಪ್ಪುತ್ತದೆ? ಹಳೆಯ ಹತ್ತಿ ಬಟ್ಟೆಯ ಎಳೆ ಸತ್ವ ಕಳಕೊಂಡಿರುತ್ತದೆ. ಅದಕ್ಕೆ ಒತ್ತೊತ್ತಾಗಿ ಹಿಂದಿರುಗುವ ಹೊಲಿಗೆ ಹಾಕಿದರೆ ತೂತುಗಳ ಸಾಲೇ ಏಳುತ್ತದೆ, ಅಂಚೆ ಚೀಟಿಯ ಅಂಚಿನ ಹಾಗೆ. ಆ ಸಾಲಿನುದ್ದಕ್ಕೂ ಬಟ್ಟೆ ಹರಿಯುತ್ತದೆ. ಓಡುಹೊಲಿಗೆಯಲ್ಲಿ ತೂತು ಕಡಿಮೆ, ದಾರಕ್ಕೆ ಎಳೆದಷ್ಟು ಬರುವ ಸಡಿಲವಿದೆ. ಎಳೆತ ಒಂದೇ ಸಾಲಿನ ಮೇಲೆ ಬೀಳದೆ ಬೆರಳಗಲದ ಅಂತರದಲ್ಲಿ ಸಾಗುವ ಹತ್ತಾರು ಸಾಲುಗಳಿಗೆ ಹಂಚಿಹೋಗುತ್ತದೆ. ನೆನೆದ ಕೌದಿಯ ತೂಕ ಹೊತ್ತವರಿಗೇ ಗೊತ್ತು. ಅದನ್ನು ಹಳ್ಳದ ಕಲ್ಲಿಗೆ ಬಡಿದು ಒಗೆಯುವಾಗ ಏನಾದರೊಂದು ತುಂಡಾಗಲೇಬೇಕು. ತುಂಡಾಗುವುದಾದರೆ ದಾರ ತುಂಡಾಗಲಿ, ಬಟ್ಟೆ ಉಳಿಯಲಿ. ದಾರವನ್ನು ಮರುದಿನ ಹಾಕಬಹುದು. ಒಂದು ತೇಪೆ ಸವೆದರೆ ಅದರ ಮೇಲೆ ಇನ್ನೊಂದನ್ನು ಕೂರಿಸಿ ಅದೇ ಹೊಲಿಗೆಯಲ್ಲಿ ಮುಂದುವರಿಯಬಹುದು. ಕಾಗದ ಸುತ್ತಿ ಅಂಚು ಹೊಲಿದದ್ದರಲ್ಲಿ ಇದು ಅಷ್ಟು ಸುಲಭವಲ್ಲ. ಇಷ್ಟನ್ನೂ ತಿಳಿದು ಆರಿಸಿದ ಹೊಲಿಗೆಯನ್ನು ಅರಿಯದವರ ಹೊಲಿಗೆ ಎನ್ನುವುದು ನ್ಯಾಯವಲ್ಲ. ಬಂಗಾಳದ ಕಾಂಥಾವೂ ಈ ಒಂದು ಹೊಲಿಗೆಯ ಮೇಲೆಯೇ ನಿಂತಿದೆ. ಹಳೆಯ ಸೀರೆಯ ಅಂಚಿನಿಂದ ಬಣ್ಣದ ಎಳೆಗಳನ್ನು ಬಿಡಿಸಿ ಅದರಲ್ಲೇ ಹೂವು, ಆನೆ, ರಥಗಳನ್ನು ಬಿಡಿಸುತ್ತಿದ್ದರು. ಗುರುಸದಯ ದತ್ತರು ಅವನ್ನು ಹುಡುಕಿ ಕೂಡಿಟ್ಟದ್ದರಿಂದ ಕಲಕತ್ತೆಯ ಬಳಿಯ ಅವರ ಹೆಸರಿನ ಸಂಗ್ರಹಾಲಯದಲ್ಲಿ ಕೆಲವಾದರೂ ಉಳಿದವು. ಕೌದಿಗೆ ಅಂಥ ದತ್ತರು ಸಿಗಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನಲ್ಲಿ ನೆಲೆಸಿದ ಸಿದ್ದಿಯರ ಕವಂದಿಯ ವಿಷಯ ಮಾತ್ರ ಸ್ವಲ್ಪ ಬೇರೆ. ಆಫ್ರಿಕದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಬುಡಕಟ್ಟಿನ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಈ ಹೆಂಗಸರ ಹೊಲಿಗೆಯನ್ನು ಹತ್ತಿರದಿಂದ ನೋಡಿ ಬರೆದರು; 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವಾಯಿತು. ಅವರ ಕ್ರಮ ಹೀಗೆ: ಸೀರೆಯ ಒಂದು ಮೂಲೆಯಿಂದ ಹೊರಟು, ಅಂಚಿನುದ್ದಕ್ಕೂ ತೇಪೆ ಇಡುತ್ತ ಓಡುಹೊಲಿಗೆಯಲ್ಲಿ ಸುತ್ತು ಹಾಕಿ, ಸುತ್ತು ಸುತ್ತಾಗಿ ಒಳಗೆ ಬಂದು ನಡುವಿನಲ್ಲಿ ಮುಗಿಸುವುದು. ನಾಲ್ಕು ಮೂಲೆಗೂ ಬಟ್ಟೆಯನ್ನು ಮೂರುಮೂಲೆಯಾಗಿ ಮಡಚಿ ಹೊಲಿದ ಫುಲಾ, ಅಂದರೆ ಹೂವು, ಬೇಕೇ ಬೇಕು. ಅದಿಲ್ಲದ ಕವಂದಿ ಬತ್ತಲೆ ಎನ್ನುತ್ತಾರೆ.

ಪಾಶ್ಚಾತ್ಯರ ಕೈಪಿಡಿಗಳು ಇದಕ್ಕೆ ತದ್ವಿರುದ್ಧ ಹೇಳುತ್ತವೆ: ನಡುವಿನಿಂದ ಹೊರಟು ಅಂಚಿಗೆ ಹೋಗು, ಸುಕ್ಕು ಹೊರಗೆ ಹೋಗಲಿ. ಮೊದಲೇ ಕೂಡಿಸಿದ ಮೇಲುಬಟ್ಟೆಗೆ ಅದು ಬೇಕು. ಸಿದ್ದಿ ಹೆಂಗಸಿಗೆ ಆ ತೊಂದರೆಯೇ ಇಲ್ಲ. ತೇಪೆಯನ್ನು ಅವಳು ಇಡುವುದೇ ಹೊಲಿಯುವ ಗಳಿಗೆಯಲ್ಲಿ. ಒಳಗೆ ಬಂದಂತೆ ಬಟ್ಟೆ ಎಷ್ಟು ಸರಿದಿದೆಯೋ ಅಷ್ಟಕ್ಕೆ ಮುಂದಿನ ತೇಪೆಯನ್ನು ಮಡಚುತ್ತಾಳೆ. ಚೌಕಟ್ಟು ಬೇಡ, ಮೇಜು ಬೇಡ, ಜಗಲಿಯೊಂದು ಸಾಕು. ಮಗು ಅತ್ತರೆ ಸುತ್ತಿಟ್ಟು ಏಳಬಹುದು.

ಇದೆಲ್ಲ ಆಫ್ರಿಕದಿಂದಲೇ ಬಂದದ್ದು ಎಂದು ಹೇಳುವ ಆಸೆ ಹಲವರಿಗಿದೆ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರ ಕೌದಿಗಳು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕಿನ ಸಂಗ್ರಹಾಲಯಗಳಿಗೆ ಬಂದ ಮೇಲೆ ಈ ಮಾತಿಗೆ ಬಲ ಬಂತು. ಬಣ್ಣ ಇಡುವ ಧೈರ್ಯದಲ್ಲಿ ಎರಡಕ್ಕೂ ಹೋಲಿಕೆ ಕಾಣುವುದು ಸಹಜ. ಆದರೆ ಹೊಲಿಗೆಯನ್ನು ಸಾಕ್ಷಿಗೆ ಕರೆದರೆ ಅದು ಬೇರೆ ಹೇಳುತ್ತದೆ. ಗೀಸ್ ಬೆಂಡಿನವರು ಮೇಲುಬಟ್ಟೆಯನ್ನು ಮೊದಲು ಕೂಡಿಸುವವರು, ಸಿದ್ದಿಯರು ನೇರ ಪದರದ ಮೇಲೆ ಹೊಲಿಯುವವರು. ಸೀರೆಯ ಮೇಲೆ ಓಡುಹೊಲಿಗೆ ಎಂಬುದು ಅವರ ನೆರೆಯ ಕನ್ನಡ, ಮರಾಠಿ ಮನೆಗಳಲ್ಲೂ ಇದ್ದದ್ದೇ. ಬಣ್ಣದ ಕಣ್ಣು ಎಲ್ಲಿಯದಾದರೂ ಇರಲಿ, ಸೂಜಿ ಹಿಡಿದ ರೀತಿ ಈ ನೆಲದ್ದು ಎಂದೇ ನನಗೆ ತೋರುತ್ತದೆ.

1850ರ ದಶಕದಿಂದೀಚೆ ಪೇಟೆಗೆ ಬಂದ ಹೊಲಿಗೆ ಯಂತ್ರ ಅಂಗಿ, ರವಿಕೆಗಳನ್ನು ದರ್ಜಿಯ ಅಂಗಡಿಗೆ ಒಯ್ದರೂ ಕೌದಿಯನ್ನು ಸುಲಭದಲ್ಲಿ ಒಯ್ಯಲಿಲ್ಲ. ದಪ್ಪ ಪದರ ಯಂತ್ರದ ಪಾದದ ಕೆಳಗೆ ತೂರದು, ಅಗಲದ ಬಟ್ಟೆ ಅದರ ತೋಳಿನೊಳಗೆ ಹಿಡಿಯದು. ಕೌದಿಯನ್ನು ಮೂಲೆಗೆ ಸರಿಸಿದ್ದು ಗಿರಣಿಯ ಅಗ್ಗದ ಚಾದರ ಮತ್ತು ರಗ್ಗು. ಸೊಲ್ಲಾಪುರದ ಚಾದರದ ಹೆಸರನ್ನು ನಮ್ಮ ಕಡೆಯ ಬಸ್ಸುಸ್ಟ್ಯಾಂಡಿನ ಅಂಗಡಿಯೂ ಬಲ್ಲದು. ಮತ್ತೆ ಬಂದದ್ದು ಪಾಲಿಯೆಸ್ಟರ್ ಸೀರೆ. ಈಗ ತೇಪೆಗೆ ಸಿಗುವ ಹಳೆಯ ಬಟ್ಟೆಯಲ್ಲಿ ಅದರದೇ ದೊಡ್ಡ ಪಾಲು. ಅದು ಬೆರಳಿಗೆ ಮಡಿಕೆ ನಿಲ್ಲದೆ ಜಾರುತ್ತದೆ, ಆದ್ದರಿಂದ ಹೊಲಿಗೆಯನ್ನು ಮೊದಲಿಗಿಂತ ಹತ್ತಿರ ಹತ್ತಿರ ಹಾಕಬೇಕು. ಬೆವರನ್ನು ಹೀರುವುದಿಲ್ಲವೆಂದು ಮೈಗೆ ತಾಗುವ ಅಡಿಯ ಪದರಕ್ಕೆ ಹತ್ತಿಯ ಸೀರೆಯನ್ನೇ ಹುಡುಕಬೇಕು. ಆದರೆ ಅದು ಸವೆಯದ ಬಟ್ಟೆ. ಹತ್ತಿಯ ದಾರ ಹೋದ ಮೇಲೂ ತೇಪೆ ಹೊಸದರ ಹಾಗೆಯೇ ಇರುತ್ತದೆ. ಅದನ್ನು ಬಿಚ್ಚಿ ಇನ್ನೊಂದು ಕೌದಿಗೆ ಹಾಕಬಹುದು.