ಚಂದ್ರಯಾನ-2 ಆರ್ಬಿಟರ್ ತೆಗೆದ ಚಂದ್ರನ ಛಾಯಾಚಿತ್ರಗಳು

ಹಿನ್ನೆಲೆ: ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ದಿನಾಂಕ 22-07-2019ರಂದು ಚಂದ್ರಯಾನ-2 ನೌಕೆಯನ್ನು ಉಡಾವಣೆ ಮಾಡಿತು. ಇದರ ಲ್ಯಾಂಡರ್ 07-09-2019ರಂದು ಚಂದ್ರನ ನೆಲಕ್ಕೆ ಅಪ್ಪಳಿಸಿ ನಷ್ಟವಾಯಿತು. ಆದಾಗ್ಯೂ, ಕಕ್ಷೆಯಲ್ಲಿದ್ದ ಆರ್ಬಿಟರ್ ತನ್ನ ಕಾರ್ಯವನ್ನು ಮುಂದುವರಿಸಿತು.

ಕ್ಯಾಮೆರಾ: ಆರ್ಬಿಟರ್‌ನಲ್ಲಿ ಅಳವಡಿಸಲಾದ ಓ.ಹೆಚ್.ಆರ್.ಸಿ. ಎಂಬ ಕ್ಯಾಮೆರಾವು 100 ಕಿ.ಮೀ. ಎತ್ತರದಿಂದ ಸುಮಾರು 25 ಸೆಂ.ಮೀ. ಸೂಕ್ಷ್ಮತೆಯ ಚಿತ್ರಗಳನ್ನು ತೆಗೆಯುವ ಸಾಮರ್ಥ್ಯ ಹೊಂದಿರುತ್ತದೆ.

ಉಪಯೋಗ: ಬಂಡೆ, ಕುಳಿ ಹಾಗೂ ಇಳಿಜಾರುಗಳಿಂದ ಲ್ಯಾಂಡರ್ ಉರುಳುವ ಅಪಾಯವಿರುವುದರಿಂದ, ಚಂದ್ರಯಾನ-3ಕ್ಕೆ ಸುರಕ್ಷಿತ ಸ್ಥಳವನ್ನು ಆಯ್ಕೆ ಮಾಡಲು ಈ ಚಿತ್ರಗಳನ್ನು ಬಳಸಿಕೊಳ್ಳಲಾಯಿತು. ದಿನಾಂಕ 23-08-2023ರಂದು ವಿಕ್ರಮ್ ಲ್ಯಾಂಡರ್ ದಕ್ಷಿಣ ಧ್ರುವ ಪ್ರದೇಶದ ಸಮೀಪ ಸುರಕ್ಷಿತವಾಗಿ ಇಳಿಯಿತು. ಇಳಿಯುವ ಮುನ್ನ ಬರಿದಾಗಿದ್ದ ನೆಲವನ್ನೂ, ಇಳಿದ ನಂತರ ಅಲ್ಲಿಯೇ ನಿಂತಿದ್ದ ವಿಕ್ರಮ್ ಅನ್ನೂ ಇದೇ ಕ್ಯಾಮೆರಾವು ಅದೇ ದಿನ ಸೆರೆಹಿಡಿದಿದೆ.

ಪಡೆಯುವ ವಿಧಾನ: ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರವು ಈ ಚಿತ್ರಗಳನ್ನು ಸಂರಕ್ಷಿಸುತ್ತದೆ. ಆಸಕ್ತ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಸಾರ್ವಜನಿಕರು ಕೇಂದ್ರದ ‘ಪ್ರದಾನ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡು, ಸಾರ್ವಜನಿಕರಿಗೆ ಬಿಡುಗಡೆಯಾದ ದತ್ತಾಂಶವನ್ನು ಉಚಿತವಾಗಿ ಪಡೆಯಬಹುದಾಗಿದೆ. ಮೂಲ ಕಡತಗಳ ಗಾತ್ರವು ದೊಡ್ಡದಾಗಿರುವುದರಿಂದ, ಅಗತ್ಯವಿರುವ ಚಿತ್ರಗಳನ್ನು ಮಾತ್ರ ಆಯ್ದುಕೊಳ್ಳುವುದು ಸೂಕ್ತ.