ಪದ್ಮಿನಿಯ ಹೊಗೆ

ಅಪ್ಪ 1989ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಪಿಯುಸಿ ಫೇಲಾಗಿ ಬೈಕುಲ್ಲಾದ ಗ್ಯಾರೇಜಲ್ಲಿ ನಿಂತಿತ್ತು. ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3, ನಮ್ಮದು 4.8. ಗುಜರಿಗೆ ಹಾಕು ಅಂದವರೇ ಜಾಸ್ತಿ. ಸ್ಪೋರ್ಟ್ಸ್ ಕಾರಲ್ಲ ಬಿಡಿ, ಆದ್ರೂ ಶೋಲಾವರಂನಲ್ಲಿ ರೇಸ್ ಓಡಿದ ತಳಿ. ಕುರ್ಲಾದಲ್ಲಿ ತಯಾರಾದ 1089 ಸಿಸಿ ಎಂಜಿನ್.

1995ರ ಏಪ್ರಿಲ್‌ನಿಂದ ಮುಂಬೈ ಸೇರಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯ್ತು. ಸೀಸ ಅದನ್ನ ಕೆಡಿಸುತ್ತೆ, ಹಾಗಾಗಿ ಸೀಸರಹಿತ ಪೆಟ್ರೋಲೂ ಜೊತೆಗೇ ಬಂತು. ನಮ್ಮದು ಅದಕ್ಕೂ ಹಿಂದಿನದು: ಸೆನ್ಸರಿಲ್ಲ, ಎರರ್ ಕೋಡಿಲ್ಲ. ಎಂಟೆಕ್ ಓದಿ ಏನು ಬಂತು!

ಮೆಕ್ಯಾನಿಕ್ ಚಾಚಾ ಏರ್ ಫಿಲ್ಟರ್ ಬಿಚ್ಚಿದ್ರು. ಧೂಳು ಕಟ್ಟಿತ್ತು, ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಹೊಸದು ಹಾಕಿ, ಕಾರ್ಬ್ಯುರೇಟರಿನ ಫ್ಲೋಟ್ ಮಟ್ಟ ಇಳಿಸಿ, ಕಿವಿಗೊಟ್ಟು ಕೇಳ್ತಾ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿದ್ರು. ಮೀಟರ್ 2.1 ತೋರಿಸ್ತು. ಫಿಲ್ಟರಿನ ದುಡ್ಡಷ್ಟೇ ತಗೊಂಡ್ರು.