ಮುಳುಗಡೆಯಾದ ಮನೆಯಂಗಳ

ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅನೇಕರು ಮುಳುಗಡೆಯವರು. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮುಗಿದಾಗ ಶರಾವತಿ ದಂಡೆಯ ಜಮೀನು ನೀರು ಸೇರಿತು. 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತ ಮೇಲೆ ಮಡೆನೂರಿನ ಆ ಕಟ್ಟೆಯೇ ಮುಳುಗಿತು, ಇನ್ನು ಮನೆ-ತೋಟದ ಮಾತೇನು! ಹೆಂಚು, ಜಂತೆ, ಬಾಗಿಲು ಬಿಚ್ಚಿ ಲಾರಿಗೆ ಹೇರಿಕೊಂಡು ಬಂದವರು ಇವರು.

ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಳೇ ಕಟ್ಟೆ ಮೇಲೇಳುತ್ತದೆ. ಆಗ ಅಣ್ಣತಮ್ಮಂದಿರು, ಕೊಟ್ಟ ಹೆಣ್ಣುಮಕ್ಕಳು, ನೆರೆಮನೆಯ ಗೆಳೆಯರು ಎಲ್ಲಾ ಬುತ್ತಿ ಕಟ್ಟಿಕೊಂಡು ಹೋಗೋದುಂಟು. ನಾವೂ ಒಮ್ಮೆ ಹೋದೆವು. ಉಳಿದಿದ್ದು ಕಲ್ಲಿನ ಪಾಯ, ನಾಲ್ಕು ಮೆಟ್ಟಿಲು ಅಷ್ಟೆ. “ಇಲ್ಲೇ ಕಣೋ ಅಮ್ಮನ ಒಲೆ ಇದ್ದದ್ದು” ಅಂತ ಅಕ್ಕ ಒಣಗಿದ ಕೆಸರಿನ ಮೇಲೇ ಕೂತುಬಿಟ್ಟಳು. ಬುತ್ತಿ ಬಿಚ್ಚಿದ್ದೂ ಅಲ್ಲೇ. ಹರಟೆ ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು.

ನೀರಿಗೆ ಹೋದ ಮನೆಗೆ ಪಟ್ಟೆ ಇತ್ತು. ಬದಲಿಗೆ ಸಿಕ್ಕ ಕಾಡುಜಾಗಕ್ಕೆ ಎಷ್ಟೋ ಜನರಿಗೆ ಸರಿಯಾದ ಹಕ್ಕುಪತ್ರವೇ ಆಗಲಿಲ್ಲ. ಆ ಅರಣ್ಯ ಬಿಡುಗಡೆಯ ಸರ್ಕಾರಿ ಆದೇಶಗಳನ್ನು ಹೈಕೋರ್ಟು 2021ರಲ್ಲಿ ರದ್ದು ಮಾಡಿತು. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಬೆಳೆಸಾಲ ಕೊಡೋದು ಹೇಗೆ? ನಾಡಿಗೆಲ್ಲ ಕರೆಂಟು ಕೊಟ್ಟವರ ಪಾಡು ಇದು.

2025ರ ಜುಲೈನಲ್ಲಿ ಸಿಗಂದೂರು ಸೇತುವೆಯೂ ಆಯಿತು. ಹಿನ್ನೀರಿನಾಚೆಯ ನೆಂಟರು ಲಾಂಚು ಕಾಯದೆ ಹಬ್ಬಕ್ಕೆ ಬರುತ್ತಾರೆ. ಅಕ್ಕ ಮಾತ್ರ ಆ ಸೇತುವೆ ದಾಟುವಾಗಲೆಲ್ಲ ಮೊಮ್ಮಕ್ಕಳಿಗೆ ನೀರಿನ ಕಡೆ ಕೈತೋರಿಸಿ, ನಮ್ಮ ಮನೆ ಯಾವ ದಿಕ್ಕಿಗಿತ್ತು ಅಂತ ಹೇಳುತ್ತಾಳೆ.